ಎರಡೂ ಕಡೆ ಪ್ಲಗ್ಗಿನ ವೈರು

ಇನ್ವರ್ಟರು ಮೂರನೇ ಸಲ ಕಿರುಚಿಕೊಂಡಾಗ ಭವ್ಯಶ್ರೀ ಹೆಂಗಸರ ನಡುವಿನಿಂದ ಎದ್ದು ಬಂದಳು. ನಡುಮನೆಯ ಸಾಕೆಟ್ಟಿಗೆ ಯಾರೋ ಸಿಕ್ಕಿಸಿದ್ದ ಪ್ಲಗ್ಗನ್ನು ಕಿತ್ತು, ಅದನ್ನು ಕೈಯಲ್ಲೇ ಹಿಡಿದುಕೊಂಡು ಸುತ್ತ ನೋಡಿದಳು.

"ಇದನ್ನ ಇಲ್ಲಿಗೆ ಹಾಕಿದ್ದು ಯಾರು?"

"ನಾನೇ ಕಣಮ್ಮ," ಎಂದ ಪಕ್ಕದ ಮನೆಯ ನಿರಂಜನ್. "ಕರೆಂಟು ಹೋಗಿ ನಾಲ್ಕು ಗಂಟೆ ಆಯ್ತು. ಗಾಜು ಮುಟ್ಟಿ ನೋಡು, ತಣ್ಣಗೇ ಇಲ್ಲ. ಇನ್ವರ್ಟರ್ ಇದೆಯಲ್ಲ ಅಂತ ಹಾಕ್ದೆ."

"ಇನ್ವರ್ಟರ್ ಇದನ್ನ ಎಳೆಯಲ್ಲ ಅಣ್ಣ. ಪೆಟ್ಟಿಗೆ ಒಳಗೆ ಕಂಪ್ರೆಸರ್ ಇದೆ, ಶುರುವಾಗೋವಾಗ ಒಂದೇ ಸಲಕ್ಕೆ ಜೋರಾಗಿ ಕರೆಂಟು ಎಳೆಯುತ್ತೆ. ನಮ್ಮದು ಬರೀ ದೀಪ, ಫ್ಯಾನಿಗೆ ಅಂತ ಮಾವ ಇಟ್ಟಿರೋದು."

ಮಾವ ಎಂದ ಕೂಡಲೇ ಅವಳ ದನಿ ಒಡೆಯಿತು. ಪ್ಲಗ್ಗನ್ನು ನೆಲಕ್ಕೆ ಬಿಡದೆ, ವೈರನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಪಕ್ಕದಲ್ಲಿಟ್ಟಳು.

ಹೆಣವನ್ನು ತಣ್ಣಗಿಡುವ, ಗಾಜಿನ ಮುಚ್ಚಳದ ಆ ಬಾಡಿಗೆ ಪೆಟ್ಟಿಗೆಯೊಳಗೆ ಬೆಟ್ಟಯ್ಯ ಮಲಗಿದ್ದ. ವಯಸ್ಸು ಅರವತ್ತಮೂರು. ನಲವತ್ತು ವರ್ಷ ಮೈಸೂರಿನ ಮನೆಗಳಿಗೆ ವೈರು ಎಳೆದು, ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಇನ್ವರ್ಟರು, ಬ್ಯಾಟರಿ ಕೂರಿಸುವುದನ್ನೇ ಕಸುಬು ಮಾಡಿಕೊಂಡವನು. ನಿನ್ನೆ ಸಂಜೆ ಮಂಡಿ ಮೊಹಲ್ಲಾದ ಅಂಗಡಿಯ ಷಟರ್ ಎಳೆದು ನಜರ್‌ಬಾದಿನ ಮನೆಗೆ ಬಂದು ಕಾಫಿ ಕುಡಿದಿದ್ದ. ಲೋಟ ಕೆಳಗಿಡಲು ಬಗ್ಗಿದವನು ಹಾಗೆಯೇ ಕುರ್ಚಿಯಿಂದ ಜಾರಿದ. ಆಸ್ಪತ್ರೆಗೆ ಒಯ್ದರೆ, ದಾರಿಯಲ್ಲೇ ಹೋಗಿಬಿಟ್ಟಿದ್ದಾರೆ ಎಂದರು.

ಈ ದಿನ ಬೆಳಗಿನ ಜಾವಕ್ಕೆ ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರು ದೊಡ್ಡ ಸದ್ದು ಮಾಡಿ ಎಣ್ಣೆ ಕಾರಿಕೊಂಡಿತು. ಬೇರೆಯದನ್ನು ತಂದು ಕೂರಿಸಬೇಕು, ಸಂಜೆಯಾಗುತ್ತದೆ ಎಂದು ಕರೆಂಟ್ ಆಫೀಸಿನವರು ಹೇಳಿ ಹೋಗಿದ್ದರು. ಏಪ್ರಿಲ್ ತಿಂಗಳು. ಎಂಟೂವರೆಗೇ ಬಿಸಿಲು ಚಪ್ಪರದ ಬಟ್ಟೆಯನ್ನು ಸುಡುತ್ತಿತ್ತು.

"ಹನ್ನೊಂದು ಗಂಟೆಗೇ ಎತ್ತಿಬುಡೋಣ," ಎಂದರು ಹಿರಿಯರೊಬ್ಬರು.

"ಆಗಲ್ಲ," ಎಂದ ಮಗ ರಾಜೇಶ್. ಅವನು ನಗರ ಸಾರಿಗೆ ಬಸ್ಸಿನ ಕಂಡಕ್ಟರು, ಕೆಲಸದ ಮೇಲೆ ಗಟ್ಟಿಯಾಗಿ ಕೂಗುವವನು, ಮನೆಯಲ್ಲಿ ಮೆತ್ತಗೆ ಮಾತಾಡುವವನು. "ದೊಡ್ಡತ್ತೆ ಬರಬೇಕು. ಮಾದಪ್ಪನ ಬೆಟ್ಟಕ್ಕೆ ಹೋಗಿತ್ತು, ಫೋನು ಸಿಕ್ಕಿದ್ದೇ ಇವತ್ತು ಬೆಳಿಗ್ಗೆ. ಬಸ್ಸು ಹತ್ತಿದೆ. ಬರೋ ಹೊತ್ತಿಗೆ ಮೂರಾಗುತ್ತೆ."

ದೊಡ್ಡತ್ತೆ ಎಂದರೆ ದೇವಿರಮ್ಮ, ಬೆಟ್ಟಯ್ಯನ ಅಕ್ಕ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅವಳೇ ಸಾಕಿದ್ದು. ಅವಳಿಗೆ ಮುಖ ತೋರಿಸದೆ ಒಯ್ಯುವ ಹಾಗಿರಲಿಲ್ಲ.

"ಏನಾದ್ರೂ ವ್ಯವಸ್ಥೆ ಮಾಡ್ತೀನಿ ಇರಿ," ಎಂದು ನಿರಂಜನ್ ಸ್ಕೂಟರ್ ಹತ್ತಿ ಹೊರಟ.

ಸ್ವಲ್ಪ ಹೊತ್ತಿಗೆ ಗೋಕುಲಂನಿಂದ ಪ್ರೇಮಲೀಲಾ ಎಂಬ ನಿವೃತ್ತ ಶಾಲಾ ಮೇಡಂ ಆಟೋದಲ್ಲಿ ಬಂದಿಳಿದರು. ಸುಗಂಧರಾಜದ ಹಾರವನ್ನು ಗಾಜಿನ ಮೇಲಿಟ್ಟು ಕೈ ಮುಗಿದು, ಭವ್ಯಶ್ರೀಯ ಪಕ್ಕ ಕೂತು ಮೆಲ್ಲಗೆ ಹೇಳಿದರು:

"ನಮ್ಮನೆ ಬ್ಯಾಟರಿ ಇವತ್ತಿಗೂ ಬಾಲ್ಕನಿಯಲ್ಲೇ ಇದೆ ಕಣಮ್ಮ. ಅವರು ಇಟ್ಟ ಜಾಗದಲ್ಲೇ."

ಆ ದುಃಖದಲ್ಲೂ ಭವ್ಯಶ್ರೀಗೆ ಸಣ್ಣ ನಗು ಬಂತು.

* * *

ಭವ್ಯಶ್ರೀ ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಮದುವೆಯ ಮಾತುಕತೆಯಲ್ಲಿ ಅವಳ ಅಪ್ಪ, ಹುಡುಗಿ ಎಸ್ಸೆಸ್ಸೆಲ್ಸಿ ಆದ ಮೇಲೆ ಏನೋ ಒಂದು ಕೋರ್ಸು ಮಾಡಿದ್ದಾಳೆ ಎಂದಷ್ಟೇ ಹೇಳಿದ್ದರು. ಅದು ಐಟಿಐ ಎಲೆಕ್ಟ್ರಿಕಲ್ಲು, ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ ಎಂಬುದನ್ನು ಮುಚ್ಚಿಟ್ಟಿದ್ದರು. ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ.

ಮದುವೆಯಾದ ಮೂರನೇ ವಾರ ತಿಂಡಿ ಬಡಿಸುತ್ತ ಅವಳು ಕೇಳಿಬಿಟ್ಟಳು: "ಮಾವ, ಇನ್ವರ್ಟರ್ ಲೈನಿಗೆ ನ್ಯೂಟ್ರಲ್ ವೈರು ಬೇರೆಯದೇ ಎಳೆದಿದೀರಲ್ಲ. ಸುಮಾರು ಜನ ಎರಡನ್ನೂ ಒಂದಕ್ಕೇ ಸೇರಿಸಿಬಿಡ್ತಾರೆ ಅಲ್ವಾ?"

ಚಿತ್ರಾನ್ನದ ತುತ್ತು ಬೆಟ್ಟಯ್ಯನ ಕೈಯಲ್ಲೇ ನಿಂತಿತು. "ಸೇರಿಸಿಬಿಡ್ತಾರೆ ಅಂತ ನಿಂಗೆ ಯಾರು ಹೇಳಿದ್ರವ್ವ?"

ಅವಳು ತಲೆ ತಗ್ಗಿಸಿ ನಿಜ ಹೇಳಿದಳು. ಬೆಟ್ಟಯ್ಯ ನಕ್ಕ ನಗುವಿಗೆ ಅವನ ಹೆಂಡತಿ ಪ್ರೇಮಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು.

"ಲೇ ಪ್ರೇಮಾ, ಮಗ ಬಲ್ಬು ಬದಲಾಯಿಸೋಕೆ ಹೆದರ್ತಾನೆ. ಸೊಸೆ ನನ್ನ ವೈರಿಂಗ್‌ನೇ ಪರೀಕ್ಷೆ ಮಾಡ್ತಾವ್ಳೆ ಕಣೆ."

ಮಾರನೆಯ ದಿನ ಅವನು ಒಂದು ಹೊಸ ಟೆಸ್ಟರು, ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿದ ಸ್ಪ್ಯಾನರು ತಂದು ಅವಳ ಮುಂದಿಟ್ಟ. "ಕೆಲಸಕ್ಕೆ ಬರೋ ದಿನ ಬಳೆ, ಉಂಗುರ ತೆಗೆದಿಟ್ಟು ಬಾ. ಬ್ಯಾಟರಿ ತಲೆ ಮೇಲೆ ಚಿನ್ನ ತಗುಲಿದ್ರೆ ಬೆರಳೇ ಬೆಂದೋಯ್ತದೆ," ಎಂದ. ಹೊಸ ಮದುಮಗಳ ಕೈ ಬರಿದಾಗಿರುವುದು ನೋಡಿ ನೆಂಟರು ಆಡಿಕೊಂಡರು. ಅವರಿಗೆ ಉತ್ತರ ಕೊಡುವ ಕೆಲಸವನ್ನು ಪ್ರೇಮಮ್ಮ ವಹಿಸಿಕೊಂಡಳು.

ಅವಳು ಮಾವನ ಜೊತೆ ಹೋದ ಮೊದಲ ಕೆಲಸ ಪ್ರೇಮಲೀಲಾ ಮೇಡಂ ಮನೆಯದು. ಬ್ಯಾಟರಿ ಕಣ್ಣಿಗೆ ಕಾಣಬಾರದು, ದೇವರ ಮಂಟಪದ ಕೆಳಗಿನ ಬೀರುವಿನಲ್ಲಿಟ್ಟು ಬಾಗಿಲು ಹಾಕಿಬಿಡಿ ಎಂದು ಅವರ ಅಪ್ಪಣೆಯಾಯಿತು.

"ಅಲ್ಲಿ ಬೇಡಿ ಅಮ್ಮಾವ್ರೆ," ಎಂದ ಬೆಟ್ಟಯ್ಯ. "ಚಾರ್ಜ್ ಆಗುವಾಗ ಬ್ಯಾಟರಿ ಗ್ಯಾಸು ಬಿಡುತ್ತೆ. ಮೂಗಿಗೆ ಗೊತ್ತಾಗಲ್ಲ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡಿರುತ್ತೆ. ನೀವು ಮೇಲೆ ದೀಪ ಹಚ್ಚೋಕೆ ಕಡ್ಡಿ ಗೀರ್ತೀರಿ. ಗಾಳಿ ಆಡೋ ಕಡೆ ಇಡೋಣ, ಆ ಬಾಲ್ಕನಿಯಲ್ಲಿ. ಮಳೆ ನೀರು ತಾಗದ ಹಾಗೆ ನಾನು ಸ್ಟ್ಯಾಂಡು ಮಾಡಿಕೊಡ್ತೀನಿ."

"ಬಾಲ್ಕನಿಯಲ್ಲಿ ನಾನು ಕೂತು ಪೇಪರ್ ಓದ್ತೀನಿ. ಅಲ್ಲಿ ಆಗಲ್ಲ. ನಿಮ್ಮ ಕೈಲಾಗದಿದ್ರೆ ಹೇಳಿ, ಬೇರೆಯವರ ಹತ್ತಿರ ಹಾಕಿಸ್ತೀವಿ."

ಬೆಟ್ಟಯ್ಯ ವಾದ ಮಾಡಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಮೇಡಂ ಬಾಗಿಲಿಗೆ ಬಂದು, "ಇನ್ನೂ ಯಾಕೆ ಕೂತಿದೀರಿ?" ಎಂದರು.

"ನಾನು ಎದ್ದು ಹೋದ್ರೆ ನೀವು ಬೇರೆಯವರನ್ನ ಕರೀತೀರಿ. ಅವರು ಬೀರುವಿನಲ್ಲೇ ಇಟ್ಟು ಹೋಗ್ತಾರೆ. ಅದಕ್ಕೇ ಹೋಗ್ತಿಲ್ಲ."

ಅವರು ಬಾಗಿಲು ಹಾಕಿಕೊಂಡರು. ಇನ್ನೊಂದು ಕಾಲು ಗಂಟೆಗೆ ಬಾಗಿಲು ತೆರೆದು ಎರಡು ಲೋಟ ಕಾಫಿ ತಂದಿಟ್ಟು, ಬಾಲ್ಕನಿಯ ದೀಪ ಹಾಕಿದರು.

* * *

ಹನ್ನೊಂದರ ಹೊತ್ತಿಗೆ ಮನೆಯ ಬ್ಯಾಟರಿಯೂ ಬರಿದಾಗಿ ಇನ್ವರ್ಟರು ಸುಮ್ಮನಾಯಿತು. ಬಂದವರೆಲ್ಲ ಒಂದೊಂದು ಸ್ವಿಚ್ಚು ಒತ್ತಿ ನೋಡಿ ಕೈಬಿಟ್ಟರು. ಒಳಕೋಣೆಯಲ್ಲಿ ಪ್ರೇಮಮ್ಮ ಗಂಡನ ಶರಟುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದಳು. ಸ್ನಾನ ಮಾಡಿಸಿದ ಮೇಲೆ ತೊಡಿಸಲು ಒಂದು ಬೇಕಿತ್ತು.

"ಒಂದರಲ್ಲಾದ್ರೂ ತೂತಿಲ್ಲದೆ ಇರಬಾರದಾ ಭವ್ಯಾ?" ಎಂದಳು. "ನೋಡು. ಯುಗಾದಿಗೆ ತಂದಿದ್ದು, ಇದಕ್ಕೂ ಆಸಿಡ್ ತಾಗಿಸಿಕೊಂಡವ್ರೆ. ಹಬ್ಬದ ದಿನ ಹಾಕ್ಕೊಂಡು ಇಟ್ಟುಬಿಡಿ ಅಂದಿದ್ದೆ. ಯಾರೋ ಫೋನ್ ಮಾಡಿದ್ರು ಅಂತ ಅದರಲ್ಲೇ ಓಡಿದ್ರು."

ಭವ್ಯಶ್ರೀ ಅತ್ತೆಯ ಪಕ್ಕ ಕೂತಳು. ಇಬ್ಬರೂ ಒಂದೊಂದೇ ಶರಟನ್ನು ಬೆಳಕಿಗೆ ಹಿಡಿದು ನೋಡಿದರು. ಹೊಟ್ಟೆಯ ಹತ್ತಿರ, ತೋಳಿನಲ್ಲಿ, ಸಾಸಿವೆ ಕಾಳಿನಷ್ಟು ತೂತುಗಳು, ಅವುಗಳೊಳಗಿಂದ ಕಿಟಕಿಯ ಬೆಳಕು. ಕೊನೆಗೆ ಪ್ರೇಮಮ್ಮ ತಿಳಿ ನೀಲಿಯದೊಂದನ್ನು ಆರಿಸಿ ಮಡಿಲಲ್ಲಿಟ್ಟುಕೊಂಡಳು. ಅದರಲ್ಲೂ ಎರಡು ತೂತಿದ್ದವು.

"ಹೊಸದು ತರಿಸಲಾ ಅತ್ತೆ?"

"ಬ್ಯಾಡ. ಹೊಸ ಬಟ್ಟೆ ಹಾಕ್ಕೊಂಡ್ರೆ ಅವರಿಗೆ ಕತ್ತು ಕೆರೀತದೆ."

ಅಷ್ಟರಲ್ಲಿ ಹೊರಗೆ ಏನೋ ಭಾರದ್ದನ್ನು ಇಳಿಸಿದ ಸದ್ದಾಯಿತು. ಭವ್ಯಶ್ರೀ ಹೋಗಿ ನೋಡಿದಳು. ಶಾಮಿಯಾನದವರ ಜನರೇಟರನ್ನು ನಿರಂಜನ್ ಸರಕು ಆಟೋದಲ್ಲಿ ಹಾಕಿಸಿಕೊಂಡು ತಂದಿದ್ದ. ಅದನ್ನು ಜಗುಲಿಯ ಮೇಲೆ, ಕಿಟಕಿಯ ಪಕ್ಕಕ್ಕೆ ತಳ್ಳಿ ನಿಲ್ಲಿಸಿ, ಹೆಗಲ ಮೇಲಿನ ಉದ್ದನೆಯ ವೈರನ್ನು ಬಿಚ್ಚುತ್ತಿದ್ದ. ವೈರಿನ ಎರಡೂ ತುದಿಯಲ್ಲಿ ಪ್ಲಗ್ಗು.

"ಅದು ಬೇಡ ಅಣ್ಣ," ಎಂದಳು ಭವ್ಯಶ್ರೀ.

"ಒಂದು ಕಡೆ ಜನರೇಟರಿಗೆ, ಇನ್ನೊಂದು ಕಡೆ ಜಗುಲಿ ಸಾಕೆಟ್ಟಿಗೆ. ಇಡೀ ಮನೆಗೆ ಕರೆಂಟು ಬಂದ್ಬುಡುತ್ತೆ. ಪೆಟ್ಟಿಗೆನೂ ಓಡುತ್ತೆ. ಶಾಮಿಯಾನದವರು ಎಲ್ಲಾ ಮದುವೇಲೂ ಹೀಗೇ ಮಾಡೋದಂತೆ."

"ಮನೆಗೆ ಬಂದ ಕರೆಂಟು ಮನೆಯಲ್ಲೇ ನಿಲ್ಲಲ್ಲ. ಮೀಟರ್ ದಾಟಿ ಕಂಬಕ್ಕೆ ಹೋಗುತ್ತೆ. ಮೂಲೆಯಲ್ಲಿ ಜನ ಲೈನ್ ಮೇಲೆ ಕೆಲಸ ಮಾಡ್ತಿದಾರೆ."

"ಮೇನ್ ಸ್ವಿಚ್ ಆಫ್ ಮಾಡಿದ್ರಾಯ್ತು."

"ನೂರು ಜನ ಓಡಾಡೋ ಮನೆ. ಕರೆಂಟು ಬಂತಾ ನೋಡೋಣ ಅಂತ ಯಾರಾದ್ರೂ ಮೇಲೆತ್ತಿದ್ರೆ? ಆ ವೈರಿನ ಒಂದು ಕಡೆ ಪ್ಲಗ್ಗು ಕಳಚಿ ಬಿದ್ರೂ ಅದರ ಪಿನ್ನಿನಲ್ಲಿ ಕರೆಂಟ್ ಇರುತ್ತೆ. ಮಕ್ಕಳು ಓಡಾಡ್ತವೆ."

ನಿರಂಜನನ ಮುಖ ಕೆಂಪಾಯಿತು. ಕೊರೊನಾ ವರ್ಷ ಅವನ ಅಪ್ಪ ಮನೆಯಲ್ಲೇ ಆಕ್ಸಿಜನ್ ಯಂತ್ರದ ಮೇಲಿದ್ದಾಗ, ಕರೆಂಟು ಹೋದರೂ ಅದು ನಿಲ್ಲದ ಹಾಗೆ ದೊಡ್ಡ ಇನ್ವರ್ಟರು, ನಾಲ್ಕು ಬ್ಯಾಟರಿ ಜೋಡಿಸಿಕೊಟ್ಟವನು ಬೆಟ್ಟಯ್ಯ. ಹದಿನೇಳು ದಿನ, ದಿನಕ್ಕೆ ಎರಡು ಸಲ ಬಂದು ನೋಡಿ ಹೋಗಿದ್ದ. ಆಗ ಬೇರೆ ಯಾರೂ ಆ ಮನೆಯ ಗೇಟು ಮುಟ್ಟುತ್ತಿರಲಿಲ್ಲ.

"ನಮ್ಮಪ್ಪನಿಗೆ ಉಸಿರು ಕೊಟ್ಟ ಮನುಷ್ಯ ಕಣಮ್ಮ ಅವರು," ಎಂದ. "ಅವರ ಮೈ ಕೆಡೋದನ್ನ ನೋಡ್ಕೊಂಡು ಕೂತಿರ್ಲಾ? ಸಾವಿನ ಮನೇಲೂ ನಿನ್ನ ಪಾಠ ಬೇಕಾ? ಒಂದು ಮೂರು ಗಂಟೆ ಹೊತ್ತು ಅಷ್ಟೇ. ಏನೂ ಆಗಲ್ಲ."

ಚಪ್ಪರದ ಕೆಳಗಿದ್ದವರು ಇಬ್ಬರನ್ನೂ ನೋಡುತ್ತಿದ್ದರು. "ಅವರು ಹೇಳೋದೂ ಸರಿ ಅಲ್ವಾ ಭವ್ಯಾ," ಎಂದ ರಾಜೇಶ್. ಅವಳು ಗಂಡನ ಮುಖ ನೋಡಿದಳು. ಏನು ಹೇಳಿದರೂ ಮಾವನ ಮೈಗಿಂತ ತನ್ನ ಮಾತೇ ಹೆಚ್ಚಾಯಿತು ಎಂದುಕೊಳ್ಳುತ್ತಾರೆ ಎನಿಸಿತು. ಆದರೂ ಸಾಕೆಟ್ಟಿಗೆ ಅಡ್ಡ ನಿಂತ ಜಾಗದಿಂದ ಕದಲಲಿಲ್ಲ.

ಆಗ ಚಪ್ಪರದ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಪುಟ್ಟಣ್ಣ ಎದ್ದ. ಎಪ್ಪತ್ತರ ಹತ್ತಿರದವನು, ಕರೆಂಟ್ ಆಫೀಸಿನಿಂದ ನಿವೃತ್ತನಾದವನು. ಪ್ರತಿ ಶನಿವಾರ ಬೆಟ್ಟಯ್ಯನ ಅಂಗಡಿಗೆ ಬಂದು ಟೀ ಕುಡಿದು ಹೋಗುತ್ತಿದ್ದ ಹಳೆಯ ಗೆಳೆಯನೆಂದಷ್ಟೇ ಭವ್ಯಶ್ರೀಗೆ ಗೊತ್ತು. ಅವನು ಒಂದು ಕಾಲನ್ನು ಎಳೆಯುತ್ತ ನಿಧಾನಕ್ಕೆ ಬಂದು ನಿರಂಜನನ ಮುಂದೆ ನಿಂತು ಎಡಗೈಯನ್ನು ಮುಂದೆ ಚಾಚಿದ. ಹೆಬ್ಬೆರಳು, ತೋರುಬೆರಳು ಇದ್ದವು. ಉಳಿದ ಮೂರು ಬೆರಳಿರಬೇಕಾದಲ್ಲಿ ನುಣ್ಣಗೆ ಹೊಳೆಯುವ ಚರ್ಮ.

"ಯಾವಾಗಲೂ ಅವನು 'ಕೈ ತೋರ್ಸು ಪುಟ್ಟಣ್ಣ' ಅಂತಿದ್ದ. ಆಮೇಲೆ ತೋರಿಸ್ತಿದ್ದೆ," ಎಂದ. "ಇವತ್ತು ಅವನು ಹೇಳಲ್ಲ. ನಾನೇ ತೋರಿಸ್ತಿದೀನಿ, ನೋಡಪ್ಪ. ಇದನ್ನ ಮಾಡಿದ್ದು ಅಂಥದ್ದೇ ವೈರು. ಹಾಕಿದ್ದು ಬೆಟ್ಟಯ್ಯ."

* * *

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಬೆಟ್ಟಯ್ಯನಿಗೆ ಆಗ ಮೂವತ್ತೈದು. ಕೈ ಚುರುಕು, ಮಾತು ಅದಕ್ಕಿಂತ ಚುರುಕು. ದಿನಕ್ಕೆ ಮೂರು ನಾಲ್ಕು ಗಂಟೆ ಕರೆಂಟು ತೆಗೆಯುತ್ತಿದ್ದ ಕಾಲ. ಜನರೇಟರು ಇದ್ದವರ ಮನೆಗೆ ಬೆಟ್ಟಯ್ಯ ಎರಡೂ ಕಡೆ ಪ್ಲಗ್ಗಿನ ವೈರು ಮಾಡಿಕೊಡುತ್ತಿದ್ದ. ಹತ್ತು ನಿಮಿಷದ ಕೆಲಸ.

ಒಂದು ಭಾನುವಾರ ನಾಮಕರಣದ ಮನೆಯೊಂದರಲ್ಲಿ ಕರೆಂಟು ಹೋಯಿತು. ಬೆಟ್ಟಯ್ಯ ಮೇನ್ ಸ್ವಿಚ್ಚು ಇಳಿಸಿ, ವೈರು ಸಿಕ್ಕಿಸಿ ಜನರೇಟರಿನ ಹಗ್ಗ ಎಳೆದ. ತೊಟ್ಟಿಲಿನ ಮೇಲಿನ ಸೀರಿಯಲ್ ಸೆಟ್ಟಿನ ಪುಟ್ಟ ದೀಪಗಳು ಹತ್ತಿಕೊಂಡವು. ಅವನು ಊಟಕ್ಕೆ ಕೂತ. ಪಾಯಸ ಬಡಿಸುವ ಹೊತ್ತಿಗೆ ಜನರೇಟರು ಇದ್ದಕ್ಕಿದ್ದಂತೆ ಗೊರಗುಟ್ಟಿ ನಿಂತುಹೋಯಿತು. ಹೋಗಿ ನೋಡಿದರೆ ಮೇನ್ ಸ್ವಿಚ್ಚು ಮೇಲಿತ್ತು. ಯಾರು ಎತ್ತಿದರೆಂದು ಕೇಳುವಷ್ಟರಲ್ಲಿ ಪಕ್ಕದ ರಸ್ತೆಯ ಕಡೆಗೆ ಜನ ಓಡುತ್ತಿದ್ದರು.

ಲೈನು ಸತ್ತಿದೆಯೆಂದು ಕಂಬ ಹತ್ತಿದ್ದ ಲೈನ್‌ಮನ್ ಪುಟ್ಟಣ್ಣನ ಕೈ ತಂತಿಗೆ ಅಂಟಿ, ಆಮೇಲೆ ಅವನು ಮರಳಿನ ರಾಶಿಯ ಮೇಲೆ ಬಿದ್ದಿದ್ದ. ಬೆರಳುಗಳು ಬೆಂದಿದ್ದವು, ಕಾಲು ಮುರಿದಿತ್ತು.

ಕರೆಂಟು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಾಗಲಿಲ್ಲ. ಬೆಟ್ಟಯ್ಯ ವೈರನ್ನು ಚೀಲಕ್ಕೆ ತುರುಕಿ ಮನೆಗೆ ಬಂದುಬಿಟ್ಟಿದ್ದ. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಆಸ್ಪತ್ರೆಗೆ ಹೋಗಿ, ಪುಟ್ಟಣ್ಣನ ಮಂಚದ ಪಕ್ಕ ನಿಂತು ಹೇಳಿದ: "ಆ ಜನರೇಟರಿಗೆ ವೈರು ಹಾಕಿದ್ದು ನಾನು."

ಪುಟ್ಟಣ್ಣ ಗೋಡೆಯ ಕಡೆಗೆ ಮುಖ ತಿರುಗಿಸಿದ. ಬೆಟ್ಟಯ್ಯ ಸಂಜೆಯವರೆಗೂ ನಿಂತಿದ್ದು ಹೊರಟುಬಂದ. ಮಾರನೆಯ ದಿನ ಬ್ರೆಡ್ಡು, ಹಣ್ಣು ತಂದ. ಪುಟ್ಟಣ್ಣ ಮುಟ್ಟಲಿಲ್ಲ. ಹೀಗೆ ಎಂಟು ದಿನ. ಒಂಬತ್ತನೆಯ ದಿನ ಪುಟ್ಟಣ್ಣ ಗೋಡೆ ನೋಡುತ್ತಲೇ ಮಾತಾಡಿದ.

"ನೀನು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ಹೇಳ್ದೆ?"

"ಇನ್ನೊಂದು ಮನೆಗೆ ಅದೇ ವೈರು ಮಾಡಿಕೊಡ್ತೀನಿ ಅಂತ ಒಪ್ಕೊಂಡಿದ್ದೆ. ಕೂತ್ಕೊಂಡೆ. ಪ್ಲಗ್ಗಿಗೆ ಸ್ಕ್ರೂ ಹಾಕೋಕೆ ಕೈ ಬರಲಿಲ್ಲ."

"ಎಷ್ಟು ಮನೇಲಿ ಹಾಕಿದೀಯ?"

"ಎಣಿಸಿಲ್ಲ. ನಲವತ್ತರ ಮೇಲೆ."

"ಎಲ್ಲಾ ಕಿತ್ತಾಕು. ನಾನು ಕಂಪ್ಲೇಂಟು ಕೊಡಲ್ಲ. ಕೊಟ್ರೆ ನೀನು ಒಳಗೆ ಹೋಗ್ತೀಯ, ಆ ವೈರುಗಳು ಅಲ್ಲಲ್ಲೇ ಉಳೀತವೆ." ಆಮೇಲೆ ಈ ಕಡೆ ತಿರುಗಿದ. "ದಿನಾ ಬರೋದೇ ಆದ್ರೆ ಆ ಬ್ರೆಡ್ಡು ತರಬೇಡ. ಮುದ್ದೆ, ಉಪ್ಸಾರು ತಗೊಂಡ್ ಬಾ."

ಮನೆಯಲ್ಲಿ ಪ್ರೇಮಮ್ಮ ಹುರುಳಿಕಾಳು ಬೇಯಿಸಿ ಬಸಿದು, ಖಾರ ಅರೆದು, ಕ್ಯಾರಿಯರು ತುಂಬಿದಳು. ಯಾರಿಗೆ ಎಂದು ಕೇಳಿದಾಗ ಬೆಟ್ಟಯ್ಯ ಅವಳಿಗೂ ಹೇಳಿದ. ಎರಡು ತಿಂಗಳು ಆ ಕ್ಯಾರಿಯರು ಆಸ್ಪತ್ರೆಗೆ ಹೋಗಿ ಬಂತು.

ಮನೆಮನೆಯ ವೈರು ಕೀಳಲು ಮೂರು ವರ್ಷ ಬೇಕಾಯಿತು. ಕಿತ್ತಲ್ಲೆಲ್ಲ ಒಂದು ಚೇಂಜ್‌ಓವರ್ ಸ್ವಿಚ್ಚು ಕೂರಿಸಿದ. ಅದರ ಹಿಡಿ ಒಂದು ಕಡೆಗೆ ಎಳೆದರೆ ಬೀದಿಯ ಕರೆಂಟು, ಇನ್ನೊಂದು ಕಡೆಗೆ ಎಳೆದರೆ ಜನರೇಟರು. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದು ಮನೆಯವರು ಅಡ್ಡ ಬಂದಾಗ, ಬೆಟ್ಟಯ್ಯ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದಿದ್ದ ಗೆಳೆಯನ ಕಡೆ ತಿರುಗಿ ಹೇಳುತ್ತಿದ್ದ: "ಕೈ ತೋರ್ಸು ಪುಟ್ಟಣ್ಣ."

* * *

ನಿರಂಜನ್ ವೈರನ್ನು ಸುತ್ತಿ ಜಗುಲಿಯ ಕೆಳಗಿಟ್ಟ. ರಾಜೇಶ್ ಅಮ್ಮನನ್ನು ನೋಡಿದ. ಅವಳು ಬಾಗಿಲಲ್ಲಿ ನೀಲಿ ಶರಟು ಹಿಡಿದು ನಿಂತಿದ್ದಳು.

"ನಿನಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು. ನಿನಗೆ ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆಗೆದವ್ರೆ. ಅಪ್ಪ ಅಂದ್ರೆ ಹುಡುಗ ದೊಡ್ಡದಾಗಿ ಅಂದ್ಕೊಂಡವ್ನೆ, ಇನ್ನೊಂದು ವರ್ಷ ಹೋಗ್ಲಿ ಅಂತಿದ್ರು."

ರಾಜೇಶ್ ಪುಟ್ಟಣ್ಣನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುರ್ಚಿಯವರೆಗೆ ನಡೆಸಿಕೊಂಡು ಹೋದ.

"ನಿರಂಜನ್ ಅಣ್ಣ," ಎಂದಳು ಭವ್ಯಶ್ರೀ. "ಜನರೇಟರ್ ತಂದಿದ್ದು ಒಳ್ಳೇದೇ ಆಯ್ತು. ಮನೆ ವೈರಿಂಗ್ ಮುಟ್ಟೋದು ಬೇಡ. ಪೆಟ್ಟಿಗೆ ಒಂದನ್ನ ನೇರ ಜನರೇಟರಿನ ಸಾಕೆಟ್ಟಿಗೇ ಕೊಡೋಣ. ಆದ್ರೆ ಅದು ಜಗುಲಿ ಮೇಲೆ ಬೇಡ, ಹೊಗೆಯೆಲ್ಲ ಕಿಟಕಿಯಿಂದ ಒಳಗೆ ಬರುತ್ತೆ. ಆ ಹೊಂಗೆ ಮರದ ಹತ್ತಿರ ಇಡಿ. ಅಲ್ಲಿಂದ ಇಲ್ಲಿಗೆ ಬರೋ ದಪ್ಪ ವೈರು ಅಂಗಡಿಯಲ್ಲಿದೆ. ನಾನು ತರ್ತೀನಿ."

"ನಾನೇ ಹೋಗ್ತೀನಿ ಬುಡಮ್ಮ."

"ಎಲ್ಲಿದೆ ಅಂತ ನಿಮಗೆ ಗೊತ್ತಾಗಲ್ಲ."

ಸಾವಿನ ಮನೆಯ ಸೊಸೆ ಸ್ಕೂಟರ್ ಹತ್ತಿ ಹೊರಟಿದ್ದನ್ನು ಓಣಿಯ ಜನ ನೋಡಿದರು.

ಮಂಡಿ ಮೊಹಲ್ಲಾದಲ್ಲಿ ಎಂದಿನಂತೆ ಮೂಟೆ ಇಳಿಸುತ್ತಿದ್ದರು. ಅವಳು ಷಟರನ್ನು ಅರ್ಧ ಎತ್ತಿ ಬಗ್ಗಿ ಒಳಹೊಕ್ಕಳು. ನಿನ್ನೆ ಸಂಜೆ ಇದ್ದ ಹಾಗೆಯೇ ಎಲ್ಲ ಇತ್ತು. ಡಿಸ್ಟಿಲ್ಡ್ ವಾಟರಿನ ಕ್ಯಾನು, ಆಸಿಡ್ ಚೆಲ್ಲಿದರೆ ಉದುರಿಸಲು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟ ಅಡುಗೆ ಸೋಡ. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನದ ಚೌಕದೊಳಗೆ ಮಾವನ ಓರೆ ಅಕ್ಷರ: "ಸರಸ್ವತಿಪುರಂ. ನೀರು ಹಾಕುವುದು. ಅಜ್ಜಿ ಒಬ್ಬರೇ, ಬೆಲ್ಲು ಎರಡು ಸಲ." ಅದರ ಕೆಳಗೆ, "ಭವ್ಯ ಹೋಗಲಿ, ನನಗೆ ಮಂಡಿ ನೋವು."

ಅವಳು ಸ್ಟೂಲಿನ ಮೇಲೆ ಕೂತು, ನಿನ್ನೆಯಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಹೊರಗೆ ಹಮಾಲರು ಕೂಗಾಡುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಆಮೇಲೆ ಸರಸ್ವತಿಪುರಂನ ಅಜ್ಜಿಗೆ ಫೋನು ಮಾಡಿ, ಹೀಗಾಗಿದೆ, ಈ ವಾರ ಬರಲಾಗುವುದಿಲ್ಲ, ಅಷ್ಟರೊಳಗೆ ಬ್ಯಾಟರಿಯ ನೀರು ಗೆರೆಯ ಕೆಳಗೆ ಇಳಿದರೆ ಇನ್ವರ್ಟರು ಆಫ್ ಮಾಡಿಡಿ, ನಲ್ಲಿ ನೀರು ಮಾತ್ರ ಹಾಕಬೇಡಿ ಎಂದಳು. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಷಟರ್ ಎಳೆದಳು.

ಹನ್ನೆರಡೂವರೆಗೆ ಹೊಂಗೆ ಮರದ ಕೆಳಗೆ ಜನರೇಟರು ಶುರುವಾಯಿತು. ವೈರು ಯಾರ ಕಾಲಿಗೂ ತೊಡರದ ಹಾಗೆ ನಿರಂಜನ್ ಅದನ್ನು ಗೋಡೆಯ ಅಂಚಿಗೆ ಸರಿಸಿ, ಮೂರು ಕಡೆ ಇಟ್ಟಿಗೆ ಇಟ್ಟು, ಮರದ ಹತ್ತಿರವೇ ಕುರ್ಚಿ ಹಾಕಿಕೊಂಡು ಕಾವಲು ಕೂತ. ಪೆಟ್ಟಿಗೆ ಒಮ್ಮೆ ಅದುರಿ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಮಂಜು ಕೂತಿತು. ಅದನ್ನು ಪ್ರೇಮಮ್ಮ ಸೆರಗಿನಿಂದ ಆಗಾಗ ಒರೆಸುತ್ತಿದ್ದಳು.

ದೇವಿರಮ್ಮ ಬಂದಾಗ ಮೂರೂ ಕಾಲು. ಕೈಯಲ್ಲಿ ಇನ್ನೂ ಮಾದಪ್ಪನ ಪ್ರಸಾದದ ಚೀಲವಿತ್ತು. ಅವಳು ಕೂಗಿ ಅಳಲಿಲ್ಲ. ನೇರ ಒಳಗೆ ಬಂದು ಗಾಜಿನ ಮೇಲೆ ಅಂಗೈ ಇಟ್ಟಳು.

"ಇದೇನ್ ಇಂಗ್ ಕೊರೀತದೆ. ತಗೀರಿ ಇದ."

ಮುಚ್ಚಳ ತೆಗೆದರು. ಅವಳು ತಮ್ಮನ ಕೆನ್ನೆ ಮುಟ್ಟಿದಳು, ಕೈಗಳನ್ನು ಎತ್ತಿ ತನ್ನ ಅಂಗೈಯೊಳಗೆ ಉಜ್ಜಿದಳು. "ಸಣ್ಣೋನಾಗಿದ್ದಾಗ ಚಳಿ ತಡೀತಿರ್ನಿಲ್ಲ ಕಣ್ರವ್ವ. ಒಲೆ ಮುಂದ್ಲಿಂದ ಏಳ್ತಾನೇ ಇರ್ನಿಲ್ಲ. ನಾನು ರೊಟ್ಟಿ ಸುಡೋವಾಗ ಕಾಲ್ ಮ್ಯಾಲೆ ತಲೆ ಇಟ್ಕಂಡು ಮಲಗೋನು." ಪ್ರೇಮಮ್ಮನ ಕಡೆ ತಿರುಗಿ ಕೇಳಿದಳು: "ನನಗೋಸ್ಕರ ಕಾದಿದ್ರಾ?"

"ಇವಳು ಕಾಯಿಸಿದ್ಳು," ಎಂದು ಪ್ರೇಮಮ್ಮ ಸೊಸೆಯನ್ನು ತೋರಿಸಿದಳು.

ಸ್ನಾನ ಮಾಡಿಸಿದರು. ನೀಲಿ ಶರಟು ತೊಡಿಸಿದರು. ಐದು ಗಂಟೆಗೆ ಚಾಮುಂಡಿ ಬೆಟ್ಟದ ಪಾದದ ರುದ್ರಭೂಮಿಗೆ ಹೊರಟಾಗ ಮುಂದೆ ರಾಜೇಶ್, ಹಿಂದೆ ನಿರಂಜನ್ ಹೆಗಲು ಕೊಟ್ಟರು. ಪುಟ್ಟಣ್ಣನಿಗೆ ಆಟೋ ಕರೆದಿದ್ದರು. ಅವನು ಹತ್ತಲಿಲ್ಲ. ಎರಡು ಬೆರಳಿನ ಕೈಯಲ್ಲಿ ಚಟ್ಟದ ಬಿದಿರು ಹಿಡಿದು ಓಣಿಯ ಕೊನೆಯವರೆಗೆ ನಡೆದ.

* * *

ಗಂಡಸರು ಹೋದ ಮೇಲೆ ಹೆಂಗಸರು ಮನೆ ತೊಳೆದರು. ಬೆಟ್ಟಯ್ಯ ಮಲಗಿದ್ದ ಜಾಗದಲ್ಲಿ ದೇವಿರಮ್ಮ ಒಂದು ಹಿಡಿ ಅಕ್ಕಿ ಹರಡಿ ಹಣತೆ ಇಟ್ಟಳು. ಪ್ರೇಮಮ್ಮ ಬತ್ತಿ ಹಚ್ಚಿದಳು.

ರುದ್ರಭೂಮಿಯಿಂದ ಬಂದವರು ಒಬ್ಬೊಬ್ಬರಾಗಿ ಕಾಲು ತೊಳೆದು ದೀಪ ನೋಡಿ ಹೋದರು. ಕೊನೆಗೆ ಉಳಿದವರು ಮನೆಯವರು ಮಾತ್ರ. ಹೊರಗೆ ಮಬ್ಬಾಗುತ್ತಿತ್ತು. ರಾಜೇಶ್ ಗೋಡೆಗೆ ಒರಗಿ ಕೂತಿದ್ದ. ಭವ್ಯಶ್ರೀ ಅವನ ಒದ್ದೆ ತಲೆಯನ್ನು ಟವಲಿನಿಂದ ಒರೆಸುತ್ತಿದ್ದಳು.

ಏಳಕ್ಕೆ ಐದು ನಿಮಿಷವಿದ್ದಾಗ ಕರೆಂಟು ಬಂತು.

ದಿನವಿಡೀ ಯಾರ್ಯಾರೋ ಒತ್ತಿ ಬಿಟ್ಟಿದ್ದ ಸ್ವಿಚ್ಚುಗಳೆಲ್ಲ ಒಟ್ಟಿಗೇ ಎಚ್ಚೆತ್ತವು. ಅಡುಗೆಮನೆಯಲ್ಲಿ ಖಾಲಿ ಮಿಕ್ಸಿ ಗರ್ರೆಂದಿತು. ಟೀವಿಯಲ್ಲಿ ಯಾರೋ ಸೋಪಿನ ಜಾಹೀರಾತು ಹಾಡತೊಡಗಿದರು. ಬಚ್ಚಲಿನ ದೀಪ, ತುಳಸಿಕಟ್ಟೆಯ ದೀಪ, ಮಹಡಿಯ ಮೆಟ್ಟಿಲ ದೀಪ ಎಲ್ಲವೂ ಹತ್ತಿಕೊಂಡವು. ಭವ್ಯಶ್ರೀ ಅಡುಗೆಮನೆಗೆ ಓಡಿದಳು, ರಾಜೇಶ್ ಟೀವಿಯ ಕಡೆಗೆ. ಒಂದೊಂದಾಗಿ ಸದ್ದು ಅಡಗಿತು.

ನಡುಮನೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹಣತೆಯ ಕುಡಿ ಮಲಗಿತು, ಎದ್ದಿತು, ಮತ್ತೆ ಮಲಗಿತು.

"ಪ್ಯಾನ್ ಆರಿಸವ್ವ," ಎಂದಳು ದೇವಿರಮ್ಮ. "ದೀಪ ಓಯ್ತದೆ."

ಭವ್ಯಶ್ರೀ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಇರ್ಲಿ ಬುಡು ಭವ್ಯಾ," ಎಂದಳು ಪ್ರೇಮಮ್ಮ. "ಸೆಕೆ."

ಅವಳು ಕೂತಲ್ಲೇ ಮುಂದಕ್ಕೆ ಸರಿದು, ಎರಡೂ ಅಂಗೈಯನ್ನು ಹಣತೆಯ ಸುತ್ತ ಒಡ್ಡಿದಳು. ಫ್ಯಾನಿನ ಗಾಳಿಗೆ ಅವಳ ನರೆಗೂದಲು ಹಾರುತ್ತಿತ್ತು, ಗೋಡೆಯ ಕ್ಯಾಲೆಂಡರು ಪಟಪಟ ಬಡಿಯುತ್ತಿತ್ತು. ಕೈಗಳ ನಡುವೆ ಕುಡಿ ನೆಟ್ಟಗೆ ನಿಂತಿತು.